ಬೇಸ್ ಗಿಟಾರ್ ಆಂಪ್ಲಿಫೈಯರ್‌ಗಳು ಮತ್ತು ಅವು ರೂಪಿಸಿದ ನಾದ

ತಾರ್ನಾಕ, ಹಬ್ಸಿಗೂಡ, ನಾಚಾರಂ ಪರಿಸರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ವೀಣೆಯೋ ಕೊಳಲೋ ನುಡಿಯುತ್ತಿದ್ದ ಮನೆಯಲ್ಲಿ ಮಗನೋ ಮಗಳೋ ಕಾಲೇಜಿನ ವಾದ್ಯತಂಡವನ್ನು ಸೇರಿ ಬೇಸ್ ಗಿಟಾರ್ ತಂದಿರುತ್ತಾರೆ. ವಾದ್ಯಕ್ಕೆ ಹಣ ಕೊಟ್ಟು ಮುಗಿಯುವಷ್ಟರಲ್ಲಿ ಆಂಪ್ಲಿಫೈಯರ್ ಎಂಬ ಎರಡನೆಯ ಬೇಡಿಕೆ ಎದುರಾಗುತ್ತದೆ. ಅದರ ಬೆಲೆ ಎಷ್ಟೋ ವೇಳೆ ವಾದ್ಯದ ಬೆಲೆಯನ್ನೂ ಮೀರಿರುತ್ತದೆ. ಮನೆಯಲ್ಲಿರುವ ಸ್ಟೀರಿಯೋಗೆ ತಂತಿ ಸಿಕ್ಕಿಸಿಕೊಂಡರೆ ಸಾಲದೇ ಎಂದು ಹಿರಿಯರು ಕೇಳುವುದು ಸಹಜವಾಗಿದೆ. ಸಾಲದು ಎಂಬುದು ಉತ್ತರ. ಏಕೆ ಸಾಲದು ಎಂಬುದನ್ನು ತಿಳಿಯಬೇಕಾದರೆ ಸುಮಾರು ಎಪ್ಪತ್ತೈದು ವರ್ಷಗಳ ಒಂದು ಸ್ವಾರಸ್ಯಕರ ಇತಿಹಾಸವನ್ನೂ ಸ್ವಲ್ಪ ಧ್ವನಿವಿಜ್ಞಾನವನ್ನೂ ನೋಡಬೇಕಾಗುತ್ತದೆ.

ತಾರ್ನಾಕ ಎಂಬ ಹೆಸರೇ ‘ತಾರ್’ ಅಂದರೆ ತಂತಿ ಮತ್ತು ‘ನಾಕಾ’ ಅಂದರೆ ಕಾವಲುಕಟ್ಟೆ ಎಂಬ ಎರಡು ಪದಗಳಿಂದ ಬಂದಿತೆಂಬ ಮಾತು ಇಲ್ಲಿ ರೂಢಿಯಲ್ಲಿದೆ. ನಿಜಾಮರ ಕಾಲದಲ್ಲಿ ಇಲ್ಲಿದ್ದ ತೋಟಕ್ಕೆ ಮುಳ್ಳುತಂತಿಯ ಬೇಲಿಯೂ ಅದಕ್ಕೊಂದು ಕಾವಲೂ ಇದ್ದವಂತೆ. ನಮ್ಮ ವಿಷಯವೂ ತಂತಿಯದೇ, ಆದರೆ ಮುಳ್ಳಿಲ್ಲದ್ದು.

ಮಂದ್ರದ ತೊಡಕು

ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ಕ್ರಮವಾಗಿ ಸೆಕೆಂಡಿಗೆ ಸುಮಾರು 41, 55, 73 ಮತ್ತು 98 ಕಂಪನಗಳಿಗೆ, ಅಂದರೆ ಹರ್ಟ್ಸ್‌ಗಳಿಗೆ, ಶ್ರುತಿ ಮಾಡಲಾಗುತ್ತದೆ. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಸ್‌ನಲ್ಲಿ ನುಡಿಯುವುದರಿಂದ ಬೇಸ್ ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿದೆ. ನಮಗೆ ಪರಿಚಿತವಾದ ಹೋಲಿಕೆ ಬೇಕಾದರೆ ತಂಬೂರಿಯನ್ನು ನೆನೆಯಬಹುದು. ಪಾಶ್ಚಾತ್ಯರ ‘ಸಿ’ ಸ್ವರವನ್ನು ಷಡ್ಜವಾಗಿಟ್ಟುಕೊಂಡು ಹಾಡುವ ಪುರುಷ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಬೇಸ್ ಗಿಟಾರು ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಐದು ತಂತಿಗಳ ಬೇಸ್ ಆದರೆ ಸುಮಾರು 31 ಹರ್ಟ್ಸ್‌ವರೆಗೂ ಹೋಗುತ್ತದೆ.

ಇಷ್ಟು ಕೆಳಗಿನ ಸ್ವರವನ್ನು ಗಾಳಿಯಲ್ಲಿ ಮೂಡಿಸುವುದು ಸುಲಭದ ಕೆಲಸವಲ್ಲ. 41 ಹರ್ಟ್ಸ್‌ನ ಒಂದೇ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ತಾರ್ನಾಕದ ಎಷ್ಟೋ ಫ್ಲ್ಯಾಟುಗಳ ನಡುಮನೆಗಿಂತ ಉದ್ದವಾದ ಅಲೆ ಅದು. ಸ್ವರವು ಒಂದು ಸ್ಥಾಯಿ ಕೆಳಗಿಳಿದಾಗ ಅದೇ ಮಟ್ಟದ ಧ್ವನಿಗಾಗಿ ಸ್ಪೀಕರಿನ ಕಾಗದದ ಶಂಕು ಮೊದಲಿನ ನಾಲ್ಕರಷ್ಟು ದೂರ ಹಿಂದೆಮುಂದೆ ಚಲಿಸಬೇಕು. ಇದರ ಮೇಲೆ ನಮ್ಮ ಕಿವಿಯೂ ಮಂದ್ರದ ವಿಷಯದಲ್ಲಿ ಮಂದವೇ. 40 ಹರ್ಟ್ಸ್‌ನ ಸ್ವರವು ಕೇಳಿಸತೊಡಗಬೇಕಾದರೆ ಅದು 1000 ಹರ್ಟ್ಸ್‌ನ ಸ್ವರಕ್ಕಿಂತ ಸುಮಾರು 50 ಡೆಸಿಬಲ್‌ಗಳಷ್ಟು ಬಲವಾಗಿರಬೇಕು. ಪ್ರತಿ 10 ಡೆಸಿಬಲ್ ಏರಿಕೆಗೆ ಹತ್ತು ಪಟ್ಟು ವಿದ್ಯುತ್ ಶಕ್ತಿ ಬೇಕೆಂಬುದನ್ನು ನೆನಪಿಟ್ಟುಕೊಂಡರೆ, ಗಿಟಾರಿಗೆ 30 ವ್ಯಾಟ್ ಸಾಕಾಗುವಲ್ಲಿ ಬೇಸ್ ವಾದಕರು 300 ವ್ಯಾಟ್ ಏಕೆ ಕೇಳುತ್ತಾರೆಂಬುದು ತಿಳಿಯುತ್ತದೆ. ಮನೆಯ ಸ್ಟೀರಿಯೋದ ಸಣ್ಣ ಸ್ಪೀಕರುಗಳಿಗೆ ಬೇಸ್ ಗಿಟಾರನ್ನು ನೇರವಾಗಿ ಜೋಡಿಸಿ ಬಲವಾಗಿ ಮೀಟಿದರೆ ಅವುಗಳ ಶಂಕು ತನ್ನ ಮಿತಿ ಮೀರಿ ಜಿಗಿದು ಹರಿದುಹೋಗುತ್ತದೆ. ಧ್ವನಿಮುದ್ರಿತ ಸಂಗೀತದಲ್ಲಿ ಏರಿಳಿತಗಳನ್ನು ಮೊದಲೇ ಪಳಗಿಸಿರುತ್ತಾರೆ. ಮೀಟಿದ ತಂತಿಗೆ ಆ ಸಂಯಮವಿಲ್ಲ.

ಪೆಟ್ಟಿಗೆಯೂ ವಾದ್ಯವೇ

ಆಂಪ್ಲಿಫೈಯರ್ ಎಂದರೆ ಸದ್ದನ್ನು ದೊಡ್ಡದು ಮಾಡುವ ಯಂತ್ರ ಮಾತ್ರವೆಂಬುದು ನಮ್ಮಲ್ಲಿ ಸಾಮಾನ್ಯವಾದ ತಿಳಿವಳಿಕೆ. ಸಭಾಂಗಣದ ಮೈಕಿನ ವಿಷಯದಲ್ಲಿ ಅದು ಸರಿ. ಭಾಷಣಕಾರರ ದನಿ ಇದ್ದಂತೆಯೇ ಕೇಳಿದರೆ ಸಾಕು. ಆದರೆ ವಿದ್ಯುತ್ ಬೇಸ್‌ನ ಮಟ್ಟಿಗೆ ಆಂಪ್ಲಿಫೈಯರ್ ವಾದ್ಯದ ಉತ್ತರಾರ್ಧವೇ ಆಗಿದೆ. ವೀಣೆಯಿಂದ ಹಲಸಿನ ಮರದ ಕೊಡವನ್ನು ಬೇರ್ಪಡಿಸಿದರೆ ಉಳಿಯುವುದು ತಂತಿ ಮತ್ತು ದಂಡಿ ಮಾತ್ರ. ಗಟ್ಟಿ ಮರದ ಹಲಗೆಯಂತಿರುವ ಬೇಸ್ ಗಿಟಾರಿನ ಸ್ಥಿತಿಯೂ ಹಾಗೆಯೇ. ಅದರ ಕೊಡ ದೂರದಲ್ಲಿ, ತಂತಿಯ ಇನ್ನೊಂದು ತುದಿಯಲ್ಲಿದೆ.

ಇಲ್ಲಿ ತಂಬೂರಿಯ ಉದಾಹರಣೆ ಇನ್ನೊಮ್ಮೆ ನೆರವಿಗೆ ಬರುತ್ತದೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಮೊದಲು, ಕಲಕತ್ತೆಯಲ್ಲಿದ್ದಾಗ, 1921ರಲ್ಲಿ ತಂಬೂರಿ ಮತ್ತು ವೀಣೆಗಳ ತಂತಿಕಂಪನವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಸಾಮಾನ್ಯ ಸಿದ್ಧಾಂತದ ಪ್ರಕಾರ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು. ಆದರೆ ತಂಬೂರಿಯಲ್ಲಿ ಅವು ಬಲವಾಗಿಯೇ ಕೇಳುತ್ತವೆ. ಅಗಲವಾದ, ಬಾಗಿದ ಕುದುರೆಯೂ ಅದರ ಮೇಲೆ ತಂತಿಯಡಿ ಇಡುವ ಜೀವಾಳದ ಎಳೆಯೂ ಇದಕ್ಕೆ ಕಾರಣ. ಜೀವಾಳವನ್ನು ಸರಿಸಿಬಿಟ್ಟರೆ ತಂಬೂರಿ ಸಪ್ಪೆಯಾಗುತ್ತದೆ. ಸರಿಯಾದ ಜಾಗಕ್ಕೆ ತಂದರೆ ಮೂಲಸ್ವರದ ಮೇಲೆ ಪಂಚಮವೂ ಅಂತರ ಗಾಂಧಾರವೂ ತಾವಾಗಿಯೇ ಹೊಮ್ಮುತ್ತವೆ.

ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳು ಬೇಸ್‌ಗೆ ಮಾಡಿದ ಉಪಕಾರವೂ ಇದೇ ಬಗೆಯದು. ವಾಲ್ವ್ ತನ್ನ ಶಕ್ತಿಯ ಮಿತಿಯನ್ನು ಸಮೀಪಿಸಿದಾಗ ಅಲೆಯ ತುದಿಯನ್ನು ಕತ್ತರಿಸುವ ಬದಲು ನಯವಾಗಿ ದುಂಡಗೆ ಮಾಡುತ್ತದೆ. ಇದರಿಂದ ಮೂಲದಲ್ಲಿಲ್ಲದ ಉಪಸ್ವರಗಳು ಸೇರಿಕೊಳ್ಳುತ್ತವೆ. ಇಂಜಿನಿಯರರ ಭಾಷೆಯಲ್ಲಿ ಇದು ವಿರೂಪ. ಆದರೆ 82, 123, 164 ಹರ್ಟ್ಸ್‌ಗಳ ಉಪಸ್ವರಗಳು ಕೇಳಿದಾಗ ನಮ್ಮ ಮಿದುಳು ಅವುಗಳ ತಾಯಿಯಾದ 41ನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಗಾಳಿಯಲ್ಲಿ 41 ಇಲ್ಲದಿದ್ದರೂ ಸ್ವರವು 41ರದ್ದೆಂದೇ ತೋರುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಚಿತ್ರಗೀತೆ ಕೇಳುವಾಗಲೂ ಬೇಸ್‌ನ ನಡೆ ನಮಗೆ ತಿಳಿಯುತ್ತಿದ್ದುದು ಇದರಿಂದಲೇ. ಇಳಯರಾಜಾ ಅವರು ಸಂಗೀತ ನೀಡಿದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಗಮನವಿಟ್ಟು ಕೇಳಿದವರಿಗೆ ಬೇಸ್ ಗಿಟಾರ್ ತಾಳಕ್ಕೆ ಒತ್ತು ಕೊಡುವುದಷ್ಟೇ ಅಲ್ಲದೆ ಹಾಡಿನ ಧಾಟಿಗೆ ಜೊತೆಯಾಗಿ ತನ್ನದೇ ಮತ್ತೊಂದು ಧಾಟಿಯನ್ನು ನಡೆಸುವುದು ಅರಿವಾಗಿರುತ್ತದೆ. ಆ ಹಾಡುಗಳನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಮಂದ್ರವೇ ಹೊರಡದ ಸಣ್ಣ ಸ್ಪೀಕರಿನಲ್ಲಿ.

ಮೊದಲ ಯಂತ್ರಗಳು

ಅಮೆರಿಕದಲ್ಲಿ ಎವರೆಟ್ ಹಲ್ ಎಂಬ ಬೇಸ್ ವಾದಕರು 1940ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಆಳೆತ್ತರದ ಮರದ ಡಬಲ್ ಬೇಸ್ ವಾದ್ಯವನ್ನು ನೆಲದ ಮೇಲೆ ನಿಲ್ಲಿಸಲು ಕೆಳಗೊಂದು ಮೊಳೆಯಂತಹ ಕಾಲು ಇರುತ್ತದೆ. ಆ ಕಾಲಿನ ಮೇಲ್ತುದಿಗೆ, ವಾದ್ಯದ ಹೊಟ್ಟೆಯೊಳಗೆ ಬರುವಂತೆ, ಸಣ್ಣ ಮೈಕನ್ನು ಕೂರಿಸಿದರು. ಧ್ವನಿ ವರ್ಧಿಸಿದ ಕಾಲು ಎಂಬರ್ಥದ ‘ಆಂಪ್ಲಿಫೈಡ್ ಪೆಗ್’ ಎಂಬ ಹೆಸರು ಕಿರಿದಾಗಿ ‘ಆಂಪೆಗ್’ ಆಯಿತು. ಹಲ್ ಅವರಿಗೆ ಜಾಜ್ ಸಂಗೀತ ಪ್ರಿಯ, ರಾಕ್ ಸಂಗೀತದ ಗದ್ದಲ ಅಪ್ರಿಯ. ತಮ್ಮ ಆಂಪ್ಲಿಫೈಯರ್‌ಗಳು ವಿರೂಪವಿಲ್ಲದೆ ಶುದ್ಧವಾಗಿ ನುಡಿಯಬೇಕೆಂಬುದು ಅವರ ಹಟವಾಗಿತ್ತು. ಮುಂದೆ ಅವರ ಸಂಸ್ಥೆಯ ಹೆಸರು ಗುರ್ರೆನ್ನುವ ರಾಕ್ ಬೇಸ್‌ಗೇ ಅಂಟಿಕೊಂಡದ್ದು ವಿಧಿಯ ವಿನೋದವೆನ್ನಬೇಕು.

ಇದೇ ವೇಳೆಗೆ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಗಟ್ಟಿಮೈಯ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಜೊತೆಯಾಗಿ 1952ರಲ್ಲಿ ‘ಬೇಸ್‌ಮನ್’ ಬಂದಿತು. ಮೊದಲಿಗೆ ಅದರಲ್ಲಿದ್ದುದು 15 ಅಂಗುಲದ ಒಂದೇ ಸ್ಪೀಕರು. 1954ರ ಕೊನೆಯಿಂದ 10 ಅಂಗುಲದ ನಾಲ್ಕು ಸ್ಪೀಕರುಗಳ ರಚನೆ ಬಂದಿತು. ಒರಟು ಬಟ್ಟೆ ಹೊದಿಸಿದ ಆ ಪೆಟ್ಟಿಗೆಯ 1950ರ ದಶಕದ ಕೊನೆಯ ಮಾದರಿಯನ್ನು ಸಂಗ್ರಾಹಕರು ಇಂದಿಗೂ ಹುಡುಕಿಕೊಂಡು ಹೋಗುತ್ತಾರೆ. ಆದರೆ ಅದನ್ನು ಹುಡುಕುವವರಲ್ಲಿ ಬೇಸ್ ವಾದಕರಿಗಿಂತ ಗಿಟಾರ್ ವಾದಕರೇ ಹೆಚ್ಚು. ಹಿಂಭಾಗ ತೆರೆದಿದ್ದ ಆ ಪೆಟ್ಟಿಗೆ ಬೇಸ್‌ನ ಬಲವಾದ ಮಂದ್ರವನ್ನು ತಾಳಿಕೊಳ್ಳುತ್ತಿರಲಿಲ್ಲ. ಗಿಟಾರಿಗೆ ಮಾತ್ರ ಅದು ಹೇಳಿ ಮಾಡಿಸಿದಂತಿತ್ತು.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಸಂಗೀತ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಅವರು 1962ರ ಸುಮಾರಿಗೆ ತಮ್ಮ ಸಹಾಯಕರಾದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡನೆ ಇದೇ ಬೇಸ್‌ಮನ್ ಮಂಡಲವನ್ನು ಅನುಸರಿಸಿ ‘ಜೆಟಿಎಂ 45’ ಅನ್ನು ತಯಾರಿಸಿದರು. ಬೇರೆ ಸ್ಪೀಕರು, ಬೇರೆ ವಾಲ್ವ್‌ಗಳು ಸೇರಿ ನಾದವೇ ಬೇರೆಯಾಯಿತು. ರಾಕ್ ಗಿಟಾರಿನ ನಾದವೆಂದು ಜಗತ್ತು ಗುರುತಿಸುವುದರ ಮೂಲ ಹೀಗೆ ಒಂದು ಬೇಸ್ ಆಂಪ್ಲಿಫೈಯರಿನಲ್ಲಿದೆ.

ಜಾಲಹಳ್ಳಿಯ ವಾಲ್ವ್

ಮಾರ್ಷಲ್ ತಂಡ ಮಾಡಿದ ಬದಲಾವಣೆಗಳಲ್ಲಿ ಒಂದು, ಮೊದಲ ಹಂತದಲ್ಲಿ ‘ಇಸಿಸಿ 83’ ಎಂಬ ವಾಲ್ವ್ ಬಳಸಿದ್ದು. ಅಮೆರಿಕದವರು ಇದನ್ನೇ ‘12 ಎಎಕ್ಸ್ 7’ ಎನ್ನುತ್ತಾರೆ. ಹೆಬ್ಬೆರಳಿನಷ್ಟು ಉದ್ದದ ಗಾಜಿನ ಈ ನಳಿಕೆಯಲ್ಲಿ ಎರಡು ವರ್ಧಕಗಳು ಅಡಗಿರುತ್ತವೆ. ಕನ್ನಡಿಗರಿಗೆ ಈ ಹೆಸರು ಪರಕೀಯವಾಗಬೇಕಿಲ್ಲ. 1954ರಲ್ಲಿ ಸ್ಥಾಪಿತವಾದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮೆಲ್ಲರ ಬಿಇಎಲ್, 1960ರ ದಶಕದ ಆರಂಭದಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಕೈಹಾಕಿತು. ದೇಶದ ವಾಲ್ವ್ ರೇಡಿಯೋಗಳ ಒಳಗೆ ಕೆಂಪಗೆ ಹೊಳೆಯುತ್ತಿದ್ದ ನಳಿಕೆಗಳಲ್ಲಿ ಬಿಇಎಲ್ ಮುದ್ರೆಯವು ಅನೇಕ. ‘ಇಸಿಸಿ 83’ ಮತ್ತು ‘ಇಎಲ್ 84’ ಕೂಡ ಅಲ್ಲಿ ತಯಾರಾದವು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋಗೆ ಅವು ಬೇಡವಾದವು. ಗಿಟಾರ್ ಮತ್ತು ಬೇಸ್ ಆಂಪ್ಲಿಫೈಯರ್‌ಗಳಿಗೆ ಮಾತ್ರ ಬೇಡವಾಗಲಿಲ್ಲ. ಹಳೆಯ ವಾಲ್ವ್‌ಗಳ ವಿದೇಶಿ ವ್ಯಾಪಾರಿಗಳು ಬಳಕೆಯಾಗದೆ ಉಳಿದ ಬಿಇಎಲ್ ನಳಿಕೆಗಳನ್ನು ಇಂದಿಗೂ ಮಾರುತ್ತಾರೆ. ಬಿಇಎಲ್‌ನ ಒಂದು ಘಟಕ ನಮ್ಮ ನೆರೆಯ ನಾಚಾರಂ ಕೈಗಾರಿಕಾ ವಸಾಹತುವಿನಲ್ಲಿಯೂ ಇದೆ. ಜಾಲಹಳ್ಳಿಯಲ್ಲಿ ದುಡಿದ ಹಿರಿಯರಿರುವ ಮನೆಗಳೂ ನಮ್ಮ ನಡುವೆ ಇರಬಹುದು. ಅಂತಹವರ ಮೊಮ್ಮಕ್ಕಳು ಆಂಪ್ಲಿಫೈಯರ್ ಕೇಳಿದಾಗ ಮಾತು ಅಲ್ಲಿಂದಲೇ ಆರಂಭವಾಗಬಹುದು.

ಪೋರ್ಟಾಫ್ಲೆಕ್ಸ್: 25 ವ್ಯಾಟ್‌ನ ವೈಭವ

ಬೇಸ್‌ಗೆಂದೇ ಚಿಂತಿಸಿ ರೂಪಿಸಿದ ಯಂತ್ರಗಳಲ್ಲಿ ನನ್ನ ಮೆಚ್ಚುಗೆ 1960ರ ಆಂಪೆಗ್ ‘ಬಿ 15’ಕ್ಕೆ. ಜೆಸ್ ಆಲಿವರ್ ಅವರ ವಿನ್ಯಾಸವಿದು. ಆಂಪ್ಲಿಫೈಯರ್ ಭಾಗವು ಪೆಟ್ಟಿಗೆಯ ಮುಚ್ಚಳಕ್ಕೆ ಜೋಡಿಸಲ್ಪಟ್ಟಿರುತ್ತದೆ. ನುಡಿಸುವಾಗ ಮುಚ್ಚಳವನ್ನು ತಿರುವಿ ಹಾಕಿದರೆ ವಾಲ್ವ್‌ಗಳು ಮೇಲೆ ಬಂದು ನಿಲ್ಲುತ್ತವೆ. ಸಾಗಿಸುವಾಗ ಮತ್ತೆ ತಿರುವಿದರೆ ಪೆಟ್ಟಿಗೆಯ ಒಳಗೆ ಸುರಕ್ಷಿತವಾಗಿ ಸೇರುತ್ತವೆ. ಹೊಲಿಗೆ ಯಂತ್ರವನ್ನು ಮೇಜಿನೊಳಗೆ ಮಡಚುವುದನ್ನು ಕಂಡವರಿಗೆ ಈ ಯುಕ್ತಿ ತಟ್ಟನೆ ಹೊಳೆಯುತ್ತದೆ. ಮುಚ್ಚಿದ ಪೆಟ್ಟಿಗೆ, 15 ಅಂಗುಲದ ಒಂದು ಸ್ಪೀಕರು, ಸುಮಾರು 25 ವ್ಯಾಟ್ ಶಕ್ತಿ. ಇಷ್ಟರಿಂದಲೇ ಅದು ಅಮೆರಿಕದ ಧ್ವನಿಮುದ್ರಣ ಮಂದಿರಗಳ ಖಾಯಂ ಅತಿಥಿಯಾಯಿತು. ಮೆಂಫಿಸ್‌ನ ಸ್ಟ್ಯಾಕ್ಸ್ ಸಂಸ್ಥೆಯಲ್ಲಿ ಡೊನಾಲ್ಡ್ ‘ಡಕ್’ ಡನ್ ಇದನ್ನು ಬಳಸಿದರು.

ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್ಸನ್ ಅವರ ಹೆಸರನ್ನೂ ಬಿ 15ರ ಜೊತೆಗೆ ಹೇಳುವ ವಾಡಿಕೆಯಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕ್ಲಬ್ಬುಗಳಲ್ಲಿ ಅವರು ಈ ಯಂತ್ರವನ್ನು ಬಳಸಿದ್ದು ನಿಜವಾದರೂ, 1960ರ ದಶಕದ ಪ್ರಸಿದ್ಧ ಮೋಟೌನ್ ಹಾಡುಗಳಲ್ಲಿ ಅವರ ಬೇಸ್ ಗಿಟಾರನ್ನು ಬಹುಮಟ್ಟಿಗೆ ನೇರವಾಗಿ ಧ್ವನಿಮುದ್ರಣ ಮೇಜಿಗೇ ಜೋಡಿಸಲಾಗುತ್ತಿತ್ತು. ಅವರ ನಾದದ ಗುಟ್ಟು ಎಂದೂ ಬದಲಾಯಿಸದ ಹಳೆಯ ಚಪ್ಪಟೆ ಸುತ್ತಿನ ತಂತಿಗಳಲ್ಲಿ, ಸೇತುವೆಯ ಬಳಿ ಇಟ್ಟ ಸ್ಪಂಜಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ತೋರುಬೆರಳಿನ ಮೀಟಿನಲ್ಲಿತ್ತು. ಯಂತ್ರ ಕೊಂಡರೆ ನಾದ ತಾನಾಗಿ ಬರುತ್ತದೆಂದು ನಂಬುವ ಎಳೆಯರಿಗೆ ಈ ಸಂಗತಿಯನ್ನು ಹೇಳುವುದು ಒಳಿತು.

ಇಂಗ್ಲೆಂಡಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರು ಆರಂಭದ ದಿನಗಳಲ್ಲಿ ಬಳಸಿದ್ದು ಏಡ್ರಿಯನ್ ಬಾರ್ಬರ್ ಕೈಯಾರೆ ಮಾಡಿದ್ದ ಕಪ್ಪು ಪೆಟ್ಟಿಗೆಯನ್ನು. ಅದರ ಆಕಾರದಿಂದಾಗಿ ‘ಶವಪೆಟ್ಟಿಗೆ’ ಎಂಬ ಅಡ್ಡಹೆಸರು ಬಿದ್ದಿತ್ತು! ಮುಂದೆ ಅವರು ವಾಕ್ಸ್ ಸಂಸ್ಥೆಯ ಆಂಪ್ಲಿಫೈಯರ್‌ಗಳಿಗೆ ಬದಲಾದರು. 1966ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಾಡಿನ ಧ್ವನಿಮುದ್ರಣದ ವೇಳೆ, ಅಮೆರಿಕದ ಹಾಡುಗಳಂತೆ ಬೇಸ್ ಬಲವಾಗಿ ಕೇಳಬೇಕೆಂಬ ಆಸೆಯಿಂದ, ಇಂಜಿನಿಯರ್ ಕೆನ್ ಟೌನ್ಸೆಂಡ್ ಅವರು ಒಂದು ದೊಡ್ಡ ಸ್ಪೀಕರನ್ನೇ ಮೈಕಿನಂತೆ ಜೋಡಿಸಿ ಬೇಸ್ ಪೆಟ್ಟಿಗೆಯ ಎದುರು ನಿಲ್ಲಿಸಿದರು. ಸ್ಪೀಕರು ಮತ್ತು ಮೈಕು ಎರಡರ ತತ್ತ್ವವೂ ಒಂದೇ ಆಗಿರುವುದರಿಂದ ಈ ತಿರುವುಮುರುವು ಸಾಧ್ಯವಾಯಿತು.

ಎಸ್‌ವಿಟಿ: ಒಂದು ಕ್ವಿಂಟಲ್ ನಾದ

1960ರ ದಶಕದ ಉತ್ತರಾರ್ಧದಲ್ಲಿ ರಾಕ್ ಸಂಗೀತ ಸಭಾಂಗಣಗಳಿಂದ ಕ್ರೀಡಾಂಗಣಗಳಿಗೆ ಹೊರಟಿತು. ಇಂದಿನಂತೆ ದೊಡ್ಡ ಧ್ವನಿವ್ಯವಸ್ಥೆಗಳು ಆಗ ಇರಲಿಲ್ಲ. ಬೇಸ್ ಕೇಳಿಸಬೇಕಾದರೆ ವೇದಿಕೆಯ ಮೇಲಿನ ಯಂತ್ರವೇ ಕೂಗಬೇಕಿತ್ತು. 1969ರಲ್ಲಿ ಆಂಪೆಗ್ ಹೊರತಂದ ‘ಎಸ್‌ವಿಟಿ’ ಈ ಅಗತ್ಯಕ್ಕೆ ದೊರೆತ ಉತ್ತರ. 14 ವಾಲ್ವ್‌ಗಳು, 300 ವ್ಯಾಟ್ ಶಕ್ತಿ. ಎವರೆಟ್ ಹಲ್ ಆ ವೇಳೆಗೆ ಸಂಸ್ಥೆಯನ್ನು ಮಾರಿಬಿಟ್ಟಿದ್ದರು. ಬಿಲ್ ಹ್ಯೂಸ್ ಮತ್ತು ರೋಜರ್ ಕಾಕ್ಸ್ ಇದರ ಹಿಂದಿದ್ದ ಇಂಜಿನಿಯರರು. ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಮೊದಲ ಮಾದರಿಗಳನ್ನು ಬಳಸಿತು. ಆಂಪ್ಲಿಫೈಯರ್ ಒಂದೇ ಸುಮಾರು 38 ಕಿಲೋ. ಅದರ ಜೊತೆಗಾರನಾದ, 10 ಅಂಗುಲದ ಎಂಟು ಸ್ಪೀಕರುಗಳಿರುವ ಆಳೆತ್ತರದ ಪೆಟ್ಟಿಗೆಯನ್ನೂ ಸೇರಿಸಿದರೆ ಒಟ್ಟು ತೂಕ ಒಂದು ಕ್ವಿಂಟಲ್. ಮೂರನೆಯ ಮಹಡಿಯ ನಿವಾಸಿಗಳು ಇದನ್ನು ಗಮನಿಸಬೇಕು.

ಈ ಪೆಟ್ಟಿಗೆಯ ವಿಷಯದಲ್ಲಿ ಅಚ್ಚರಿಯ ಸಂಗತಿಯೊಂದಿದೆ. ಇದರ ಇತ್ತೀಚಿನ ಮಾದರಿಯ ವಿವರಪತ್ರದ ಪ್ರಕಾರ 58 ಹರ್ಟ್ಸ್‌ನಿಂದಲೇ ಇದರ ಧ್ವನಿ ಇಳಿಯತೊಡಗುತ್ತದೆ. 40 ಹರ್ಟ್ಸ್‌ಗೆ ಬರುವಷ್ಟರಲ್ಲಿ 10 ಡೆಸಿಬಲ್ ಕುಸಿದಿರುತ್ತದೆ. ಅಂದರೆ ಬೇಸ್‌ನ ಕೆಳತಂತಿಯ ಮೂಲಸ್ವರ ಇದರಲ್ಲಿ ಅರೆಬರೆಯಾಗಿ ಮಾತ್ರ ಹೊರಡುತ್ತದೆ. ಆದರೂ ಎದೆ ತುಂಬುವ ಬೇಸ್‌ಗೆ ಇದೇ ಮಾದರಿಯೆಂದು ಹೆಸರಾಗಿದೆ. ಮುಚ್ಚಿದ ಪೆಟ್ಟಿಗೆಯ ಬಿಗಿ, ಎಂಟು ಸಣ್ಣ ಶಂಕುಗಳ ಚುರುಕು, ದಣಿದ ವಾಲ್ವ್‌ಗಳು ಸೇರಿಸುವ ಉಪಸ್ವರ, ಇವು ಕೂಡಿದಾಗ ಕಿವಿ ತಾನೇ ಮೂಲಸ್ವರವನ್ನು ತುಂಬಿಕೊಳ್ಳುತ್ತದೆ. ತಂಬೂರಿಯ ಜೀವಾಳದ ಮಾತನ್ನು ಮೇಲೆ ಹೇಳಿದ್ದು ಇದಕ್ಕಾಗಿ.

ದಿ ಹೂ ತಂಡದ ಜಾನ್ ಎಂಟ್ವಿಸಲ್ ಬೇರೊಂದು ಹಾದಿ ಹಿಡಿದರು. ಮಾರ್ಷಲ್ ಸಂಸ್ಥೆಯಿಂದ 100 ವ್ಯಾಟ್‌ನ ಯಂತ್ರಗಳನ್ನು ಕೇಳಿ ಮಾಡಿಸಿಕೊಂಡು, ಮುಂದೆ ಹೈವಾಟ್ ಯಂತ್ರಗಳಿಗೆ ಬದಲಾಗಿ, ಪಿಯಾನೋದಂತೆ ಝೇಂಕರಿಸುವ ತೀಕ್ಷ್ಣ ಬೇಸ್ ನಾದವನ್ನು ರೂಢಿಗೆ ತಂದರು. ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ 1976ರಲ್ಲಿ ನಡೆದ ಅವರ ತಂಡದ ಕಛೇರಿ ಅತ್ಯಂತ ಗದ್ದಲದ ಕಛೇರಿಯೆಂದು ಗಿನ್ನೆಸ್ ದಾಖಲೆ ಸೇರಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಎಂಟ್ವಿಸಲ್ ಅವರ ಶ್ರವಣಶಕ್ತಿ ಕ್ಷೀಣಿಸಿತು. ಜೊತೆಗಾರ ಪೀಟ್ ಟೌನ್ಸೆಂಡ್ ಕಿವಿಮೊರೆತದಿಂದ ಬಳಲಿದರು.

ಟ್ರಾನ್ಸಿಸ್ಟರ್ ಯುಗ

ವಾಲ್ವ್ ಇಲ್ಲದೆಯೂ ಹೆಸರಾದ ಯಂತ್ರ ‘ಅಕೌಸ್ಟಿಕ್ 360’. 1960ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಇದರ ಶಕ್ತಿ 200 ವ್ಯಾಟ್. ಪೆಟ್ಟಿಗೆಯೊಳಗೆ 18 ಅಂಗುಲದ ಸ್ಪೀಕರು ಹಿಂದಕ್ಕೆ ಮುಖಮಾಡಿ ಕೂತಿರುತ್ತದೆ. ಧ್ವನಿಯು ಮಡಚಿದ ಕಹಳೆಯಂತಹ ದಾರಿಯಲ್ಲಿ ಸುತ್ತಿ ಮುಂದಕ್ಕೆ ಬರುತ್ತದೆ. ಹತ್ತಿರ ನಿಂತ ವಾದಕನಿಗಿಂತ ದೂರದ ಶ್ರೋತೃವಿಗೆ ಇದು ಚೆನ್ನಾಗಿ ಕೇಳುತ್ತದೆಂದು ಬಳಸಿದವರು ಹೇಳುತ್ತಿದ್ದರು. ಜ್ಯಾಕೊ ಪಾಸ್ಟೋರಿಯಸ್ 1970ರ ದಶಕದಲ್ಲಿ ವೆದರ್ ರಿಪೋರ್ಟ್ ತಂಡದಲ್ಲಿ ಮೆಟ್ಟಿಲುಗಳಿಲ್ಲದ ಬೇಸ್ ಗಿಟಾರನ್ನು ಈ ಯಂತ್ರದ ಮೂಲಕ ಹಾಡಿಸಿದರು. ಸ್ವರದಿಂದ ಸ್ವರಕ್ಕೆ ಜಾರುವ ಅವರ ನುಡಿಕೆಯಲ್ಲಿ ಗಮಕದ ಕಿವಿಯುಳ್ಳವರಿಗೆ ಪರಿಚಿತವಾದುದೊಂದು ಕೇಳಿಸುತ್ತದೆ. ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಬೇಸ್ ಗಿಟಾರ್ ಕೇಳಿಸಬೇಕಾದರೆ ನಾನು ಮೊದಲು ಸೂಚಿಸುವುದು ಇವರನ್ನೇ.

ಅನಂತರದ ಕಥೆ ಬೇಗ ಹೇಳಿ ಮುಗಿಸಬಹುದು. 1980ರ ದಶಕದಲ್ಲಿ ಇಂಗ್ಲೆಂಡಿನ ಟ್ರೇಸ್ ಎಲಿಯಟ್, ಅಮೆರಿಕದ ಗ್ಯಾಲಿಯೆನ್ ಕ್ರೂಗರ್ ಮುಂತಾದ ಸಂಸ್ಥೆಗಳು ಹಗುರವಾದ, ಶುಭ್ರನಾದದ ಟ್ರಾನ್ಸಿಸ್ಟರ್ ಯಂತ್ರಗಳನ್ನು ತಂದವು. 2000ದ ದಶಕದಿಂದೀಚೆಗೆ ‘ಕ್ಲಾಸ್ ಡಿ’ ಎಂಬ ತಂತ್ರದಿಂದ ಎರಡು ಮೂರು ಕಿಲೋ ತೂಕದ ಯಂತ್ರವೇ 500 ವ್ಯಾಟ್ ಕೊಡುತ್ತಿದೆ. ಬೆಂಗಳೂರು, ಮೈಸೂರುಗಳಿಂದ ಎದ್ದುಬಂದ ತಂಡಗಳು ಇದೇ ಕಾಲದವು. ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಧ್ವನಿಸಂಪುಟದಲ್ಲಿ ಗೌರವ್ ವಾಜ್, ಸ್ವರಾತ್ಮ ತಂಡದ 2009ರ ಮೊದಲ ಸಂಪುಟದಲ್ಲಿ ಜಿಷ್ಣು ದಾಸ್‌ಗುಪ್ತ ಅವರ ಬೇಸ್ ಕೇಳಬಹುದು. ಕನ್ನಡದ ಜನಪದ ಧಾಟಿಗೆ ಬೇಸ್ ಗಿಟಾರ್ ಎಷ್ಟು ಸಹಜವಾಗಿ ಹೊಂದಿಕೊಳ್ಳುತ್ತದೆಂಬುದಕ್ಕೆ ಅವು ನಿದರ್ಶನ.

ಹೊಸ ಯಂತ್ರಗಳು ಶುದ್ಧವಾಗಿ ನುಡಿದಷ್ಟೂ ಹಳೆಯ ವಾಲ್ವ್‌ಗಳ ‘ದೋಷ’ಕ್ಕೆ ಬೇಡಿಕೆ ಹೆಚ್ಚಿತು. ಟೆಕ್ 21 ಎಂಬ ಸಂಸ್ಥೆಯ ‘ಸ್ಯಾನ್ಸ್‌ಆಂಪ್’ ಬೇಸ್ ಪೆಟ್ಟಿಗೆ 1990ರ ದಶಕದಿಂದ ವಾಲ್ವ್ ನಾದದ ಛಾಯೆಯನ್ನು ಅಂಗೈಯಗಲದ ಡಬ್ಬಿಯಲ್ಲಿ ಕೊಡತೊಡಗಿತು. ಲೈನ್ 6 ಸಂಸ್ಥೆ ಇದನ್ನೇ ಗಣಕದ ಲೆಕ್ಕಾಚಾರದಿಂದ ಸಾಧಿಸಿತು. ಆ ಲೈನ್ 6 ಸಂಸ್ಥೆ ಯಮಾಹಾ ಪಾಲಾಗಿ, 2018ರಲ್ಲಿ ಯಮಾಹಾ ಗಿಟಾರ್ ಗ್ರೂಪ್ ಎಂಬ ಹೆಸರಿನಲ್ಲಿ ಆಂಪೆಗ್ ಅನ್ನೇ ಕೊಂಡುಕೊಂಡಿತು. ಅನುಕರಿಸುತ್ತಿದ್ದವರ ಮನೆಗೇ ಮೂಲವು ಬಂದು ಸೇರಿದಂತಾಯಿತು.

ತಾರ್ನಾಕದ ಮನೆಯಲ್ಲಿ

ಮನೆಯ ಅಭ್ಯಾಸಕ್ಕೆ 8 ಅಥವಾ 10 ಅಂಗುಲದ ಸ್ಪೀಕರಿರುವ, 25ರಿಂದ 40 ವ್ಯಾಟ್‌ನ, ಬೇಸ್‌ಗೆಂದೇ ಮಾಡಿದ ಸಣ್ಣ ಆಂಪ್ಲಿಫೈಯರ್ ಸಾಕು. ಹೆಡ್‌ಫೋನ್ ಕಿಂಡಿ ಇರುವುದನ್ನೇ ಆರಿಸಬೇಕು. ಸಭಾಂಗಣದ ಕಾರ್ಯಕ್ರಮಕ್ಕಾದರೆ ಬೇಸ್ ಅನ್ನು ಡಿಐ ಎಂಬ ಜೋಡಣೆ ಡಬ್ಬಿಯ ಮೂಲಕ ಅಲ್ಲಿನ ಧ್ವನಿವ್ಯವಸ್ಥೆಗೆ ಕೊಡುವುದು ರೂಢಿ. ಆದರೆ ಭಾಷಣಕ್ಕೆಂದು ಕಟ್ಟಿದ ಕಹಳೆ ಮಾದರಿಯ ಸ್ಪೀಕರುಗಳಲ್ಲಿ ಮಂದ್ರ ಹೊರಡುವುದಿಲ್ಲ. ರಾಜ್ಯೋತ್ಸವಕ್ಕೆ ಮಕ್ಕಳ ವಾದ್ಯತಂಡವನ್ನು ಕರೆಯುವ ಸಂಘಟಕರು ಸಬ್‌ವೂಫರ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಪ್ರೀತಿಯಿಂದ ತಂದುಕೊಡುವ ಆಂಪ್ಲಿಫೈಯರ್ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಸಿಕ್ಕಿಸಿದರೆ ಕ್ಷಣಾರ್ಧದಲ್ಲಿ ಯಂತ್ರ ಸುಡುತ್ತದೆ. ಯಂತ್ರದ ಹಿಂಬದಿಯ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಭಯವಿಲ್ಲ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಸಾಮರ್ಥ್ಯವನ್ನು ಯಂತ್ರವು ಹೊರಡಿಸುವ ವ್ಯಾಟ್ ನೋಡಿ ಅಲ್ಲ, ಯಂತ್ರವು ಎಳೆಯುವ ವ್ಯಾಟ್ ನೋಡಿ ಗೊತ್ತುಮಾಡಬೇಕು. 60 ಹರ್ಟ್ಸ್‌ಗೆಂದು ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗಬಹುದೆಂಬುದೂ ನೆನಪಿರಲಿ. ವಾಲ್ವ್ ಯಂತ್ರವನ್ನು ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬಾರದು. ಅದನ್ನು ಬಿಚ್ಚಿ ನೋಡಲು ಮಕ್ಕಳಿಗೆ ಬಿಡಲೇಬಾರದು: ಒಳಗೆ 400ರಿಂದ 700 ವೋಲ್ಟ್‌ಗಳಿರುತ್ತವೆ, ತಂತಿ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ.

ನುಡಿಸದಿದ್ದಾಗಲೂ ಪೆಟ್ಟಿಗೆ ಗುಂಯ್‌ಗುಡುತ್ತಿದ್ದರೆ ಮೊದಲು ಪ್ಲಗ್ಗಿನ ಅರ್ಥಿಂಗ್ ಪರೀಕ್ಷಿಸಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಬೇಸ್ ಗಿಟಾರಿನ ಕೆಳತಂತಿಯ ಮೂರನೆಯ ಮನೆಯ ಸ್ವರಕ್ಕೆ, ಅಂದರೆ 49 ಹರ್ಟ್ಸ್‌ಗೆ, ಬಹುತೇಕ ಹೊಂದುತ್ತದೆ. ಆದುದರಿಂದ ಈ ದೋಷ ಸಂಗೀತದೊಳಗೆ ಸುಲಭವಾಗಿ ಅಡಗಿಕೊಳ್ಳುತ್ತದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಜೋಡಿಸಿದ ವಾದ್ಯದ ತಂತಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕಡೆ ತುಟಿಗೆ ಲೋಹದ ಮೈಕ್ ತಾಗಿಸಿದರೆ ಆಘಾತವಾಗುವ ಅಪಾಯವೂ ಇದೆ.

ನೆರೆಹೊರೆಯ ವಿಚಾರ ಕಡೆಯದು, ಆದರೆ ಸಣ್ಣದಲ್ಲ. ನಮ್ಮ ಪಕ್ಕದಲ್ಲಿಯೇ ಇರುವ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಭೂಕಂಪದ ಅಲೆಗಳನ್ನು ದೂರದೂರದಿಂದ ಗ್ರಹಿಸಬಲ್ಲರೆಂದರೆ ಅದಕ್ಕೆ ಕಾರಣ ಕೆಳ ಆವೃತ್ತಿಯ ಕಂಪನಗಳು ಘನವಸ್ತುವಿನಲ್ಲಿ ಬಹುದೂರ ಸಾಗುವುದೇ. ಬೇಸ್‌ನ ಕಂಪನವೂ ಗೋಡೆಗೆ ಹೆದರುವುದಿಲ್ಲ. ಕೆಳಮನೆಯವರ ಅಟ್ಟದ ಪಾತ್ರೆ ಅದುರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಆದರೆ ಆ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ ‘ಎ’ ಮಾನದ್ದಾಗಿದ್ದು, 40 ಹರ್ಟ್ಸ್‌ನ ಸ್ವರದಿಂದ ಸುಮಾರು 35 ಡೆಸಿಬಲ್ ಕಳೆದು ಲೆಕ್ಕ ಹಾಕುತ್ತದೆ. ಮಾಪಕ ಸರಿಯೆಂದರೂ ಕೆಳಮನೆಯ ಅಜ್ಜಿಗೆ ನಿದ್ರೆ ಬಾರದಿರಬಹುದು. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ದಪ್ಪ ಫೋಮ್ ಅಥವಾ ರಬ್ಬರಿನ ಮೇಲಿರಿಸಿ, ಕೋಣೆಯ ಮೂಲೆಯಿಂದ ದೂರ ಇಟ್ಟರೆ ಗೋಡೆಗಳಿಗೆ ಹತ್ತುವ ಕಂಪನ ಗಣನೀಯವಾಗಿ ಇಳಿಯುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಹೆಡ್‌ಫೋನ್. ಅದರಲ್ಲಿಯೂ ಧ್ವನಿಯನ್ನು ಅರ್ಧಕ್ಕಿಂತ ಮೇಲೇರಿಸಬಾರದು. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ತಾಳುವ ಕಿವಿ, ಪ್ರತಿ 3 ಡೆಸಿಬಲ್ ಏರಿಕೆಗೂ ಅದರ ಅರ್ಧದಷ್ಟು ಹೊತ್ತು ಮಾತ್ರ ತಾಳುತ್ತದೆ: 88ಕ್ಕೆ ನಾಲ್ಕು ಗಂಟೆ, 100ಕ್ಕೆ ಕೇವಲ ಕಾಲು ಗಂಟೆ.